ಕ್ರೇಗ್ ಚಾರ್ಲ್ಸ್: ನಟನೆ, ನಿರೂಪಣೆ, ಫಂಕ್ ರೇಡಿಯೋ. ಇಷ್ಟನ್ನೂ ಕಟ್ಟಿರುವ ದಾರ ಯಾವುದು?

ಮೂರನೇಫೇಡರ್ ಕೇಳಿದ ಪ್ರಶ್ನೆ:

ಬ್ರಿಟಿಷ್ ನಟ ಕ್ರೇಗ್ ಚಾರ್ಲ್ಸ್ ಅವರನ್ನು ಒಬ್ಬೊಬ್ಬರು ಒಂದೊಂದು ಬಾಗಿಲಿನಿಂದ ಬಲ್ಲರು. ‘ರೆಡ್ ಡ್ವಾರ್ಫ್’ ಎಂಬ ಬಾಹ್ಯಾಕಾಶದ ಹಾಸ್ಯ ಸರಣಿ ನೋಡಿದವರಿಗೆ ಅವರು ಡೇವ್ ಲಿಸ್ಟರ್. ಇನ್ನು ಕೆಲವರಿಗೆ, ರೋಬೋಟ್‌ಗಳು ಕಾದಾಡುವ ‘ರೋಬೋಟ್ ವಾರ್ಸ್’ ಸ್ಪರ್ಧೆಯ ನಿರೂಪಕ. ‘ಕೊರೊನೇಶನ್ ಸ್ಟ್ರೀಟ್’ ಧಾರಾವಾಹಿಯ ಪ್ರೇಕ್ಷಕರಿಗೆ ಟ್ಯಾಕ್ಸಿ ಕಚೇರಿಯ ಲಾಯ್ಡ್. ಬಿಬಿಸಿ ರೇಡಿಯೋ 6 ಮ್ಯೂಸಿಕ್ ಕೇಳುವವರಿಗೆ ಶನಿವಾರ ಸಂಜೆ ಫಂಕ್ ಮತ್ತು ಸೋಲ್ (ಅಮೆರಿಕದ ಕಪ್ಪು ವರ್ಣೀಯರ ಸಂಗೀತ ಪ್ರಕಾರಗಳು) ಹಾಕುವ ಡಿಜೆ. ಇದು ಸಿಕ್ಕಿದ ಕೆಲಸಗಳನ್ನೆಲ್ಲ ಹಿಡಿದ ವೃತ್ತಿಜೀವನವೋ, ಒಳಗೆ ಒಂದು ದಾರ ಇದೆಯೋ ಎನ್ನುವುದು ಮೊದಲ ಪ್ರಶ್ನೆ.

ಎರಡನೆಯದು, ಅವರ ಕೆಲಸವನ್ನು ಕಲಿಯುವ ದೃಷ್ಟಿಯಿಂದ ನೋಡುವುದಾದರೆ ಎಲ್ಲಿಂದ ಶುರುಮಾಡಬೇಕು?

ಮೂರನೆಯದು ಪೂರ್ತಿ ತಾಂತ್ರಿಕ. 60–70ರ ದಶಕದ ಫಂಕ್, ಸೋಲ್ ರೆಕಾರ್ಡುಗಳಲ್ಲಿ ಡ್ರಮ್ಮು ಬಾರಿಸಿರುವುದು ಮನುಷ್ಯರು. ತಾಳ ಒಂದೇ ಸಮ ಇರುವುದಿಲ್ಲ. ಎರಡು ಹಾಡಿನ ತಾಳವನ್ನು ತಾನೇ ಹೊಂದಿಸುವ ಸಾಫ್ಟ್‌ವೇರಿನ ಸಿಂಕ್ ಗುಂಡಿ ಒತ್ತಿದರೆ ಅರ್ಧ ನಿಮಿಷದಲ್ಲಿ ಎರಡೂ ಹಾಡು ದಾರಿ ತಪ್ಪುತ್ತವೆ. ಹೀಗಿರುವಾಗ ಮೂರು ಗಂಟೆಯ ಕಾರ್ಯಕ್ರಮವನ್ನು ಕುಣಿತ ನಿಲ್ಲದಂತೆ ನಡೆಸುವುದು ಹೇಗೆ? ಅನುಭವಿಗಳು ವಿವರವಾಗಿ ಹೇಳಿ.

ಪರದೆಹಿಂದೆ ಅವರ ಉತ್ತರ:

ದಾರ ಇದೆ, ಖಂಡಿತ ಇದೆ. ಅದು ಪ್ರಾಸ ಮತ್ತು ಲಯ. ಚಾರ್ಲ್ಸ್ ಹುಟ್ಟಿದ್ದು 1964ರಲ್ಲಿ, ಲಿವರ್‌ಪೂಲ್‌ನಲ್ಲಿ. ನಟರಾಗುವ ಮೊದಲು ಅವರು ವೇದಿಕೆಯ ಮೇಲೆ ಕವಿತೆ ಹೇಳುತ್ತಿದ್ದವರು. ರಾಕ್ ತಂಡಗಳು ಬರುವ ಮುಂಚೆ ಹೋಗಿ ನಿಂತು ಕವಿತೆ ಹೇಳುವುದು ಸುಲಭದ ಕೆಲಸವಲ್ಲ. ಗಿಟಾರ್ ಕೇಳಲು ಬಂದ ಜನ ಪುಸ್ತಕದ ಕವಿಗೆ ಕಿವಿಗೊಡುವುದಿಲ್ಲ. ಮೊದಲ ಎರಡು ಸಾಲಿನಲ್ಲಿ ಪ್ರಾಸ ಕಿವಿಗೆ ಬೀಳಬೇಕು, ನಾಲ್ಕನೇ ಸಾಲಿನೊಳಗೆ ನಗು ಬರಬೇಕು. ಮುಂದೆ ಅವರು ಹಿಡಿದ ಪ್ರತಿ ಕೆಲಸದಲ್ಲೂ ಈ ಅಭ್ಯಾಸವೇ ಕಾಣುತ್ತದೆ.

‘ರೆಡ್ ಡ್ವಾರ್ಫ್’ಗೆ ಅವರು ಬಂದ ದಾರಿಯೂ ನೇರವಾದದ್ದಲ್ಲ. ಸರಣಿಯಲ್ಲಿ ಬೆಕ್ಕಿನ ವಂಶದ ಮನುಷ್ಯರೂಪಿಯಾದ ‘ಕ್ಯಾಟ್’ ಪಾತ್ರ ಕಪ್ಪು ವರ್ಣೀಯರನ್ನು ಅವಮಾನಿಸಿದಂತೆ ಕಂಡೀತೇ ಎಂದು ಅಭಿಪ್ರಾಯ ಕೇಳಲು ನಿರ್ಮಾಪಕ ಪಾಲ್ ಜಾಕ್ಸನ್ ಚಾರ್ಲ್ಸ್ ಅವರ ಕೈಗೆ ಸ್ಕ್ರಿಪ್ಟ್ ಕೊಟ್ಟಿದ್ದರು. ಓದಿದ ಚಾರ್ಲ್ಸ್ ಆಡಿಷನ್ನಿಗೆ ಅವಕಾಶ ಕೇಳಿದರು. ರಾಬ್ ಗ್ರಾಂಟ್ ಮತ್ತು ಡಗ್ ನೇಲರ್ ಬರೆದ ಈ ಸರಣಿಯ ಮೊದಲ ರೆಕಾರ್ಡಿಂಗ್ 1987ರಲ್ಲಿ ಬಿಬಿಸಿ ಎಲೆಕ್ಟ್ರಿಷಿಯನ್ನರ ಮುಷ್ಕರದಿಂದ ಮುಂದಕ್ಕೆ ಹೋಯಿತು. ಬಿಬಿಸಿ 2ರಲ್ಲಿ ಪ್ರಸಾರವಾದದ್ದು 1988ರ ಫೆಬ್ರವರಿ 15ರಂದು.

ಎಲ್ಲಿಂದ ಶುರುಮಾಡಬೇಕು ಎಂದಿರಲ್ಲ, 1989ರ ಮೂರನೇ ಸರಣಿಯ ‘ಮರೂನ್ಡ್’ ಕಂತಿನಿಂದ ಶುರುಮಾಡಿ. ಹೆಚ್ಚುಕಡಿಮೆ ಪೂರ್ತಿ ಕಂತು ಇಬ್ಬರದೇ: ಲಿಸ್ಟರ್ ಮತ್ತು ಕ್ರಿಸ್ ಬ್ಯಾರಿ ಮಾಡಿರುವ ರಿಮ್ಮರ್. ಹಿಮದ ಗ್ರಹದ ಮೇಲೆ ಸಣ್ಣ ನೌಕೆಯಲ್ಲಿ ಸಿಕ್ಕಿಬಿದ್ದಿದ್ದಾರೆ. ತಿನ್ನಲು ಡಬ್ಬಿಯಲ್ಲಿ ನಾಯಿಯ ಆಹಾರ, ಬೆಂಕಿಗೆ ಹಾಕಲು ಕೈಗೆ ಸಿಕ್ಕ ವಸ್ತು. ಲಿಸ್ಟರ್ ತನ್ನ ಗಿಟಾರನ್ನು ಸುಡಲು ಮನಸ್ಸಾಗದೆ ರಿಮ್ಮರನ ಕರ್ಪೂರದ ಮರದ ಪೆಟ್ಟಿಗೆಯಿಂದ ಗಿಟಾರಿನ ಆಕಾರವನ್ನು ಕತ್ತರಿಸಿ ಅದನ್ನು ಬೆಂಕಿಗೆ ಹಾಕುತ್ತಾನೆ. ತನಗಾಗಿ ಗೆಳೆಯ ಪ್ರೀತಿಯ ಗಿಟಾರನ್ನೇ ಸುಟ್ಟನೆಂದು ರಿಮ್ಮರ್ ಕರಗಿ ಹೋಗಿರುತ್ತಾನೆ. ಇಲ್ಲಿ ಚಾರ್ಲ್ಸ್ ಏನು ಹೇಳುತ್ತಾರೆ ಎನ್ನುವುದಕ್ಕಿಂತ ಯಾವಾಗ ಸುಮ್ಮನಿರುತ್ತಾರೆ ಎನ್ನುವುದನ್ನು ಗಮನಿಸಿ. ಪ್ರೇಕ್ಷಕರ ಎದುರು ಮಾಡುವ ಹಾಸ್ಯದಲ್ಲಿ ನಟನಿಗೆ ನಗುವಿನ ಅಲೆಯ ಅಂದಾಜು ಇರಬೇಕು. ನಗು ಏರುತ್ತಿರುವಾಗಲೇ ಮುಂದಿನ ಮಾತು ಆಡಿದರೆ ಮಾತು ಮುಳುಗುತ್ತದೆ, ಪೂರ್ತಿ ಇಳಿಯುವವರೆಗೆ ಕಾದರೆ ದೃಶ್ಯ ತಣ್ಣಗಾಗುತ್ತದೆ. ಇಳಿಯಲು ಶುರುವಾದ ತಕ್ಷಣ ಮಾತು ಬರಬೇಕು.

ಇದಕ್ಕೆ ಹೋಲಿಸಿ ನೋಡಲು ಏಳನೇ ಸರಣಿ ಇದೆ. ಅದನ್ನು ಸ್ಟುಡಿಯೋ ಪ್ರೇಕ್ಷಕರಿಲ್ಲದೆ ಚಿತ್ರೀಕರಿಸಿದ್ದರು. ಅದೇ ಪಾತ್ರಗಳಿದ್ದರೂ ಮಾತಿನ ನಡುವಿನ ಜಾಗ ಬೇರೆಯೇ ಆಗಿದೆ. 2009ರಲ್ಲಿ ಡೇವ್ ಚಾನೆಲ್ ಸರಣಿಯನ್ನು ಮತ್ತೆ ಎತ್ತಿಕೊಂಡಾಗ ಬಂದ ಕಂತುಗಳಲ್ಲೂ ಪ್ರೇಕ್ಷಕರಿಲ್ಲ. 2012ರ ಹತ್ತನೇ ಸರಣಿಯಲ್ಲಿ ಪ್ರೇಕ್ಷಕರು ಮರಳಿ ಬಂದರು, ಅದರೊಂದಿಗೆ ಹಳೆಯ ಲಯವೂ ಬಂತು. ನನ್ನ ಮಟ್ಟಿಗೆ ಈ ಮೂರನ್ನು ಪಕ್ಕಪಕ್ಕದಲ್ಲಿ ನೋಡುವುದು ಹಾಸ್ಯನಟನೆಯ ಯಾವ ತರಗತಿಗೂ ಕಡಿಮೆಯಲ್ಲ.

‘ರೋಬೋಟ್ ವಾರ್ಸ್’ ವಿಷಯಕ್ಕೆ ಬಂದರೆ, 1998ರ ಮೊದಲ ಸರಣಿಯನ್ನು ನಿರೂಪಿಸಿದ್ದು ಜೆರೆಮಿ ಕ್ಲಾರ್ಕ್‌ಸನ್. ಚಾರ್ಲ್ಸ್ ಬಂದದ್ದು ಎರಡನೆಯದರಿಂದ. ಕಾರ್ಯಕ್ರಮ ಬಿಬಿಸಿಯಿಂದ ಚಾನೆಲ್ 5ಕ್ಕೆ ಹೋಗಿ 2004ರಲ್ಲಿ ನಿಲ್ಲುವವರೆಗೂ ಇದ್ದರು. 2016ರಲ್ಲಿ ಹೊಸದಾಗಿ ಬಂದಾಗ ನಿರೂಪಕರು ಡಾರಾ ಓಬ್ರಿಯನ್ ಮತ್ತು ಏಂಜೆಲಾ ಸ್ಕ್ಯಾನ್‌ಲನ್, ಹಾಗಾಗಿ ತುಣುಕು ಹುಡುಕುವಾಗ ವರ್ಷ ನೋಡಿಕೊಳ್ಳಿ. ಇಲ್ಲಿ ಕೆಲಸದ ಹಂಚಿಕೆ ಚೆನ್ನಾಗಿತ್ತು. ಕಾಳಗದ ವೀಕ್ಷಕ ವಿವರಣೆ ಫುಟ್‌ಬಾಲ್ ಕಾಮೆಂಟೇಟರ್ ಜೊನಾಥನ್ ಪಿಯರ್ಸ್ ಅವರದು. ಗೆದ್ದವರನ್ನೂ ಸೋತವರನ್ನೂ ಮಾತನಾಡಿಸಿ, ತೀರ್ಪುಗಾರರ ಕಡೆಗೆ ತಿರುಗಿ, ಮುಂದಿನ ಸುತ್ತಿಗೆ ಜನರನ್ನು ಹುರಿದುಂಬಿಸುವುದು ಚಾರ್ಲ್ಸ್ ಅವರದು. ಪ್ರತಿ ಕಂತಿನ ಕೊನೆಗೆ ರೋಬೋಟ್‌ಗಳ ಮೇಲೆ ಒಂದು ಪುಟ್ಟ ಪ್ರಾಸಬದ್ಧ ಪದ್ಯ ಹೇಳಿ ಮುಗಿಸುತ್ತಿದ್ದರು. ವೇದಿಕೆ ಕವಿಯ ಆ ಹಳೆಯ ಕಸುಬು ಕಬ್ಬಿಣದ ಅಖಾಡದಲ್ಲೂ ಹೀಗೆ ಜಾಗ ಮಾಡಿಕೊಂಡಿತ್ತು.

2005ರಿಂದ 2015ರವರೆಗೆ ‘ಕೊರೊನೇಶನ್ ಸ್ಟ್ರೀಟ್’. ಲಾಯ್ಡ್ ಮುಲ್ಲೇನಿ ಪಾತ್ರ, ಜೊತೆಗೆ ಸೈಮನ್ ಗ್ರೆಗ್‌ಸನ್ ಅವರ ಸ್ಟೀವ್ ಮೆಕ್‌ಡೊನಾಲ್ಡ್. ವಾರಕ್ಕೆ ಐದು ಕಂತು ಪ್ರಸಾರವಾಗುವ ಧಾರಾವಾಹಿಯಲ್ಲಿ ಇಡೀ ವಾರ ತಾಲೀಮು ಮಾಡಿ ಒಂದು ಸಂಜೆ ಚಿತ್ರೀಕರಿಸುವ ಸುಖ ಇಲ್ಲ. ದೃಶ್ಯಗಳನ್ನು ಕಥೆಯ ಕ್ರಮ ಬಿಟ್ಟು ತೆಗೆಯುತ್ತಾರೆ, ನಗುವ ಪ್ರೇಕ್ಷಕರೂ ಇರುವುದಿಲ್ಲ. ಜಗಳದ ನಂತರದ ದೃಶ್ಯ ಬೆಳಗ್ಗೆ, ಜಗಳ ಮಧ್ಯಾಹ್ನ ಆಗಬಹುದು. ಇಂಥ ಕಡೆ ಕೆಲಸಕ್ಕೆ ಬರುವುದು ಬೇಗ ಬಾಯಿಪಾಠ ಮಾಡುವ ಶಕ್ತಿ ಮತ್ತು ಪಾತ್ರದ ಮನಸ್ಸು ಎಲ್ಲಿಗೆ ಬಂದು ನಿಂತಿತ್ತು ಎಂಬ ನೆನಪು.

2017ರಿಂದ ‘ದಿ ಗ್ಯಾಜೆಟ್ ಶೋ’, 2021ರಲ್ಲಿ ಚಾನೆಲ್ 4ರ ‘ಮನಿಬ್ಯಾಗ್ಸ್’ ಕ್ವಿಜ್. ಅವೆರಡೂ ಅಚ್ಚುಕಟ್ಟಾದ ನಿರೂಪಣೆ, ಆದರೆ ಕಲಿಯಲು ಹೊಸದು ಕಡಿಮೆ.

ಹಳೇಪ್ಲೇಟು ಅವರ ಉತ್ತರ:

ಮೂರನೇ ಪ್ರಶ್ನೆಗೆ ನಾನು ಬರೆಯುತ್ತೇನೆ.

ಹಿನ್ನೆಲೆ ಇಷ್ಟು: 6 ಮ್ಯೂಸಿಕ್ ಶುರುವಾದದ್ದು 2002ರ ಮಾರ್ಚ್ 11ರಂದು, ಡಿಜಿಟಲ್‌ನಲ್ಲಿ ಮಾತ್ರ. ಚಾರ್ಲ್ಸ್ ಅದೇ ವರ್ಷದಿಂದ ಅಲ್ಲಿದ್ದಾರೆ. 2010ರಲ್ಲಿ ಆ ಕೇಂದ್ರವನ್ನೇ ಮುಚ್ಚುವ ಪ್ರಸ್ತಾಪ ಬಂತು, ಕೇಳುಗರು ಎದ್ದು ನಿಂತರು, ಬಿಬಿಸಿಯ ಅಂದಿನ ಮೇಲ್ವಿಚಾರಣಾ ಮಂಡಳಿಯಾದ ಬಿಬಿಸಿ ಟ್ರಸ್ಟ್ ಪ್ರಸ್ತಾಪವನ್ನು ತಿರಸ್ಕರಿಸಿತು. ಹೀಗೆ ಉಳಿದುಕೊಂಡ ಜಾಗ ಅದು.

ಈಗ ಬೀಟ್ ಜೋಡಿಸುವ ವಿಷಯ. ಯಂತ್ರದ ಸಮ ತಾಳವಿರುವ ಹೌಸ್ ಸಂಗೀತದ ರೂಢಿಯನ್ನು ಫಂಕ್‌ಗೆ ತರಬೇಡಿ. ಎರಡು ಹಾಡನ್ನು ಒಂದು ನಿಮಿಷ ಒಟ್ಟಿಗೆ ಓಡಿಸುವ ಆಸೆಯನ್ನೇ ಬಿಡಿ. ನಾಲ್ಕು ಅಥವಾ ಎಂಟು ಬಾರ್ (ತಾಳದ ಆವರ್ತ) ಸಾಕು, ಕೆಲವು ಕಡೆ ಒಂದೇ ಹೊಡೆತ ಸಾಕು. ಹೋಗುವ ಹಾಡಿನಲ್ಲಿ ಸಾಲು ಮುಗಿಯುವ ಜಾಗ ಹುಡುಕಿ, ಬರುವ ಹಾಡಿನ ಮೊದಲ ‘ಒಂದು’ (ಬಾರಿನ ಮೊದಲ ಬೀಟ್) ಸರಿಯಾಗಿ ಅಲ್ಲಿಗೆ ಬೀಳಬೇಕು. ಫಂಕ್‌ನಲ್ಲಿ ಆ ‘ಒಂದು’ ಗಟ್ಟಿಯಾಗಿ ಬಿದ್ದರೆ ಎರಡು ಹಾಡಿನ ವೇಗದಲ್ಲಿ ಮೂರು ನಾಲ್ಕು ಬೀಟ್ ವ್ಯತ್ಯಾಸ ಇದ್ದರೂ ಕಿವಿ ಒಪ್ಪಿಕೊಳ್ಳುತ್ತದೆ. ತಾಳ ಸರಿ ಇದ್ದು ಸಾಲಿನ ನಡುವೆ ಹಾಡು ಕತ್ತರಿಸಿದರೆ ಮಾತ್ರ ಯಾರೂ ಕ್ಷಮಿಸುವುದಿಲ್ಲ.

ಹಾಡುಗಳ ಕ್ರಮವೇ ಅರ್ಧ ಕೆಲಸ ಮಾಡುತ್ತದೆ. ಫಂಕ್ ಸಾಮಾನ್ಯವಾಗಿ ನಿಮಿಷಕ್ಕೆ 95ರಿಂದ 115 ಬೀಟ್‌ಗಳ ಆಸುಪಾಸು. ಉತ್ತರ ಇಂಗ್ಲೆಂಡಿನ ಕ್ಲಬ್‌ಗಳು ಮೆಚ್ಚಿದ ವೇಗದ ಸೋಲ್, ಅಂದರೆ ನಾರ್ದರ್ನ್ ಸೋಲ್, 120 ದಾಟಿ ಓಡುತ್ತದೆ. ನೇರವಾಗಿ 100ರಿಂದ 130ಕ್ಕೆ ಹಾರಬೇಡಿ. ನಡುವೆ ಒಂದು ಮಾತು ಇಡಿ, ಇಲ್ಲವೇ ತಾಳವಿಲ್ಲದ ಆರಂಭ ಇರುವ ಹಾಡು ಇಡಿ. ಚಾರ್ಲ್ಸ್ ತಮ್ಮ ಕಾರ್ಯಕ್ರಮದಲ್ಲಿ ‘ಟ್ಯಾಲ್ಕಮ್ ಟೈಮ್’ ಎಂದು ನಾರ್ದರ್ನ್ ಸೋಲ್‌ಗೆ ಪ್ರತ್ಯೇಕ ಭಾಗವನ್ನೇ ಇಟ್ಟಿದ್ದಾರೆ. ಉತ್ತರ ಇಂಗ್ಲೆಂಡಿನ ರಾತ್ರಿಯಿಡೀ ಕುಣಿಯುವ ಕ್ಲಬ್‌ಗಳಲ್ಲಿ ಚಪ್ಪಲಿಯಡಿ ಜಾರಲಿ ಎಂದು ನೆಲಕ್ಕೆ ಟ್ಯಾಲ್ಕಮ್ ಪೌಡರ್ ಚೆಲ್ಲುತ್ತಿದ್ದರು, ಹೆಸರು ಅಲ್ಲಿಂದ ಬಂತು. ಅಂಥ ಕ್ಲಬ್‌ಗಳಲ್ಲಿ ಎಲ್ಲರಿಗೂ ಗೊತ್ತಿರುವುದು 1973ರಿಂದ 1981ರವರೆಗೆ ನಡೆದ ವಿಗನ್ ಕ್ಯಾಸಿನೊ. ವೇಗದ ಹಾಡುಗಳನ್ನು ಒಂದು ಗುಂಪಾಗಿ ಕಟ್ಟಿದರೆ ಮಿಕ್ಕ ಕಾರ್ಯಕ್ರಮದ ನಡೆ ಕೆಡುವುದಿಲ್ಲ. ಇದು ಅನುಕರಿಸಲೇಬೇಕಾದ ಉಪಾಯ.

ಪ್ಲೇಟು ತಿರುಗುವ ವೇಗ ಬದಲಿಸುವ ಪಿಚ್ ಫೇಡರನ್ನು ಹಿತವಾಗಿ ಬಳಸಿ. ಟೆಕ್ನಿಕ್ಸ್ 1200 ಮಾದರಿಯ ಟರ್ನ್‌ಟೇಬಲ್‌ನಲ್ಲಿ ಶೇ 8ರಷ್ಟು ಹೆಚ್ಚು ಕಡಿಮೆ ಮಾಡಬಹುದು, 100 ಬೀಟ್ 108 ಆಗುತ್ತದೆ. ಆದರೆ ಸ್ವರವೂ ಅದರ ಜೊತೆಗೇ ಒಂದು ಸೆಮಿಟೋನ್‌ಗಿಂತ (ಅರ್ಧ ಸ್ವರ) ಹೆಚ್ಚು ಏರುತ್ತದೆ. ವಾದ್ಯ ಮಾತ್ರ ಇದ್ದರೆ ಶೇ 4ರವರೆಗೆ ಗೊತ್ತಾಗುವುದಿಲ್ಲ. ಹಾಡುವ ದನಿ ಇದ್ದರೆ ಶೇ 3 ದಾಟುವಾಗಲೇ ಗಾಯಕಿಯ ವಯಸ್ಸು ಬದಲಾದಂತೆ ಕೇಳುತ್ತದೆ.

ಇನ್ನು 7 ಇಂಚಿನ ಸಿಂಗಲ್‌ಗಳನ್ನು ಬಳಸುವವರಿಗೆ. ಇವು 45 ಆರ್‌ಪಿಎಂ. ಅಮೆರಿಕದ ಪ್ರತಿಗಳಲ್ಲಿ ನಡುವಿನ ತೂತು ದೊಡ್ಡದು, ಅಡಾಪ್ಟರ್ ಬೇಕು. ಅಡಾಪ್ಟರ್ ಸಡಿಲವಾಗಿದ್ದರೆ ಪ್ಲೇಟು ಸರಿಯಾಗಿ ನಡುವೆ ಕೂರುವುದಿಲ್ಲ, ಪ್ರತಿ ಸುತ್ತಿಗೂ ಸ್ವರ ಏರಿ ಇಳಿದು ತೂಗಾಡುತ್ತದೆ. ಉದ್ದ ಎಳೆದ ಟ್ರಂಪೆಟ್ ಸ್ವರದಲ್ಲಿ ಇದು ಎದ್ದು ಕೇಳುತ್ತದೆ. ಸೂಜಿಯ ದೋಷ ಎಂದುಕೊಂಡು ಕಾರ್ಟ್ರಿಡ್ಜ್ ಬದಲಿಸುವ ಮೊದಲು ಅಡಾಪ್ಟರ್ ನೋಡಿ.

ಇದಕ್ಕಿಂತ ದೊಡ್ಡ ಅಪಾಯ ಸ್ಟೈರೀನ್. 60ರ ದಶಕದ ಅನೇಕ ಅಮೆರಿಕನ್ ಸಿಂಗಲ್‌ಗಳು ವಿನೈಲ್ ಅಲ್ಲ, ಅಚ್ಚಿಗೆ ಪಾಲಿಸ್ಟೈರೀನ್ ಹೊಯ್ದು ಮಾಡಿದವು. ಗುರುತು ಹೀಗೆ: ಬಾಗಿಸಲು ನೋಡಿದರೆ ಬಾಗುವುದಿಲ್ಲ, ಉಗುರಿನಿಂದ ತಟ್ಟಿದರೆ ಚಿಕ್ಕದಾಗಿ ಟಿಣ್ ಎನ್ನುತ್ತದೆ, ಲೇಬಲ್ ಒತ್ತಿ ಬೆಸೆದಂತಿರದೆ ಮೇಲೆ ಅಂಟಿಸಿದಂತಿರುತ್ತದೆ ಅಥವಾ ಬಣ್ಣದಲ್ಲಿ ಅಚ್ಚಾಗಿರುತ್ತದೆ. ಇಂಥದನ್ನು ಕ್ಯೂ ಮಾಡಲು, ಅಂದರೆ ಹಾಡಿನ ಆರಂಭ ಹುಡುಕಿ ಸಿದ್ಧವಾಗಿಡಲು, ಹಿಂದೆ ಮುಂದೆ ಆಡಿಸಬೇಡಿ. ಡಿಜೆ ಸೂಜಿಗೆ 3 ಗ್ರಾಂ ಭಾರ ಇಟ್ಟು ಹಾಗೆ ಮಾಡಿದರೆ ಮೊದಲ ಸ್ವರ ಇರುವ ಗೆರೆಯೇ ಸವೆದುಹೋಗಿ, ಆಮೇಲೆ ಎಷ್ಟು ತೊಳೆದರೂ ಆರಂಭದಲ್ಲಿ ಬುಸ್ ಎನ್ನುವ ಸದ್ದು ಉಳಿಯುತ್ತದೆ. ಸ್ಟೈರೀನ್ ಪ್ರತಿಯನ್ನು ಒಳ್ಳೆಯ ಸೂಜಿಯಲ್ಲಿ, ಅದರ ತಯಾರಕರು ಹೇಳಿದಷ್ಟೇ ಭಾರದಲ್ಲಿ ಒಂದು ಸಲ ಡಿಜಿಟಲ್ ಫೈಲ್ ಮಾಡಿಕೊಂಡು, ಕಾರ್ಯಕ್ರಮಕ್ಕೆ ಫೈಲನ್ನೇ ಹಾಕುವುದು ಲೇಸು.

ವಿನೈಲ್ ಪ್ರತಿಯಾದರೆ ಕ್ಯೂ ಮಾಡುವ ವಿಧಾನ ಇದು: ಹೆಡ್‌ಫೋನಿನಲ್ಲಿ ಮೊದಲ ಸ್ವರ ಹುಡುಕಿ, ಅಲ್ಲಿಂದ ಬೆರಳಿನಷ್ಟು ಹಿಂದಕ್ಕೆ ತನ್ನಿ. ಕೆಳಗೆ ಸ್ಲಿಪ್‌ಮ್ಯಾಟ್ (ಪ್ಲೇಟು ಜಾರುವಂತೆ ಹಾಕುವ ನುಣುಪು ಹಾಸು) ಇರಲಿ, ಮೋಟರ್ ತಿರುಗುತ್ತಿರಲಿ, ಪ್ಲೇಟಿನ ಅಂಚನ್ನು ಬೆರಳ ತುದಿಯಿಂದ ಹಿಡಿದಿರಿ. ಬಿಡುವಾಗ ಬೆರಳನ್ನು ಸುಮ್ಮನೆ ಎತ್ತಬಾರದು, ತಿರುಗುವ ದಿಕ್ಕಿಗೆ ಸಣ್ಣದಾಗಿ ನೂಕಿ ಬಿಡಬೇಕು. ಎತ್ತಿಬಿಟ್ಟರೆ ವೇಗ ಹಿಡಿಯುವಷ್ಟರಲ್ಲಿ ಮೊದಲ ಸ್ವರ ಕೆಳಗಿನಿಂದ ಎಳೆದುಕೊಂಡು ಬರುತ್ತದೆ.

ಕೊನೆಯದಾಗಿ ಮಾನೋ ಗುಂಡಿ. 60ರ ದಶಕದ ಸಿಂಗಲ್‌ಗಳಲ್ಲಿ ಬಹುಪಾಲು ಮಾನೋ, ಅಂದರೆ ಎಡ ಬಲ ಎರಡಕ್ಕೂ ಒಂದೇ ಧ್ವನಿ. ಮಾನೋ ರೆಕಾರ್ಡಿನಲ್ಲಿ ಹಾಡು ಇರುವುದು ಗೆರೆಯ ಅಡ್ಡ ಚಲನೆಯಲ್ಲಿ ಮಾತ್ರ. ಧೂಳು ಮತ್ತು ಗೀರು ಸೂಜಿಯನ್ನು ಮೇಲೆ ಕೆಳಗೂ ಕುಣಿಸುತ್ತವೆ. ಎಡ ಬಲ ಎರಡನ್ನೂ ಸೇರಿಸಿದರೆ ಆ ಮೇಲೆ ಕೆಳಗಿನ ಸದ್ದು ಒಂದನ್ನೊಂದು ಅಳಿಸಿಕೊಳ್ಳುತ್ತದೆ. ಖರ್ಚಿಲ್ಲದೆ ಚಟಪಟ ಸದ್ದು ಇಷ್ಟು ಕಡಿಮೆಯಾಗುವ ದಾರಿ ಬೇರೆ ಇಲ್ಲ.

ಕಿವಿಗೊಟ್ಟವಳು ಅವರ ಉತ್ತರ:

ಇಬ್ಬರೂ ದಾಟಿಹೋದ ಒಂದು ಕೆಲಸವಿದೆ, ‘ಟಕೇಶೀಸ್ ಕ್ಯಾಸಲ್’. 1986ರಿಂದ 1990ರವರೆಗಿನ ಈ ಜಪಾನಿ ಕಾರ್ಯಕ್ರಮವನ್ನು ಬ್ರಿಟನ್ನಿನ ಚಾಲೆಂಜ್ ಚಾನೆಲ್ 2002ರಿಂದ ಅರ್ಧ ಗಂಟೆಗೆ ಕತ್ತರಿಸಿ ಚಾರ್ಲ್ಸ್ ಅವರ ದನಿಯಲ್ಲಿ ಹಾಕಿತು. ನಟ ಚಾರ್ಲ್ಸ್‌ನಿಂದ ಡಿಜೆ ಚಾರ್ಲ್ಸ್‌ಗೆ ಹೋಗುವ ಸೇತುವೆ ಇದೇ ಎಂದು ನನ್ನ ವಾದ. ಇಲ್ಲಿ ಮುಖ ಇಲ್ಲ, ಎದುರಿಗೆ ಜನ ಇಲ್ಲ, ಇರುವುದು ಚಿತ್ರ ಮತ್ತು ದನಿ.

ಒಬ್ಬ ಸ್ಪರ್ಧಿ ಕೊಳದ ಕಲ್ಲುಗಳ ಮೇಲೆ ಓಡುತ್ತಾನೆ. ಕೆಲವು ಕಲ್ಲು ಗಟ್ಟಿ, ಕೆಲವು ತೇಲುವಂಥವು. ಬೀಳುವುದು ಎಲ್ಲರಿಗೂ ಗೊತ್ತು, ಯಾವ ಕಲ್ಲಿನಲ್ಲಿ ಎನ್ನುವುದು ಮಾತ್ರ ಗೊತ್ತಿಲ್ಲ. ಹೊಸ ನಿರೂಪಕ ಬೀಳುವಾಗ ಮಾತನಾಡುತ್ತಾನೆ, ಆಗ ನೀರಿಗೆ ಬೀಳುವ ಸದ್ದೂ ಮಾತೂ ಎರಡೂ ಹಾಳು. ನುರಿತವರು ಓಟದ ಆರಂಭದಲ್ಲೇ ಸ್ಪರ್ಧಿಯ ಬಗ್ಗೆ ಭರವಸೆ ಕಟ್ಟಿ, ಕಾಲು ಜಾರುವ ಕ್ಷಣಕ್ಕೆ ಸುಮ್ಮನಾಗಿ, ಬಿದ್ದ ಮೇಲೆ ಎರಡೇ ಪದ ಹೇಳುತ್ತಾರೆ. ಬರೆಯುವಾಗ ಲೆಕ್ಕ ಹೀಗಿಡಿ: ಚಿತ್ರ ಹತ್ತು ಸೆಕೆಂಡ್ ಇದ್ದರೆ ಏಳು ಸೆಕೆಂಡಿಗೆ ಮಾತ್ರ ಬರೆಯಿರಿ. ಉಳಿದ ಮೂರು ಚಿತ್ರಕ್ಕೆ ಸೇರಿದ್ದು.

ರೇಡಿಯೋದಲ್ಲೂ ಇದೇ ಶಿಸ್ತು. ಹಾಡಿನ ಮುನ್ನುಡಿ ಸಂಗೀತ ಎಷ್ಟು ಸೆಕೆಂಡ್, ಗಾಯಕರ ದನಿ ಎಲ್ಲಿ ಶುರು ಎನ್ನುವುದು ಕಾಗದದ ಮೇಲೆ ಇರಬೇಕು. ಹದಿನಾಲ್ಕು ಸೆಕೆಂಡ್ ಇದ್ದರೆ ಹನ್ನೆರಡಕ್ಕೆ ನಿಮ್ಮ ಮಾತು ಮುಗಿಯಲಿ. ಗಾಯಕರ ಮೊದಲ ಪದವನ್ನು ತುಳಿಯುವುದು ರೇಡಿಯೋದಲ್ಲಿ ಮಾಡಬಾರದ ಮೊದಲ ತಪ್ಪು. ಆರಂಭದಲ್ಲೇ ಡ್ರಮ್ ಬ್ರೇಕ್ (ಡ್ರಮ್ ಮಾತ್ರ ನುಡಿಯುವ ಭಾಗ) ಇರುವ ಫಂಕ್ ಹಾಡುಗಳ ಮೇಲೆ ಮಾತನಾಡಲೇಬೇಡಿ, ಕೇಳುಗರು ಕಾದಿರುವುದೇ ಆ ಡ್ರಮ್ಮಿಗೆ.

ಚಾರ್ಲ್ಸ್ ಅವರ ಮಾತುಗಳನ್ನು ಕೇಳುವಾಗ ಗಮನಿಸಿ: ವಾಕ್ಯಗಳು ಗಿಡ್ಡ, ಲಿವರ್‌ಪೂಲಿನ ಉಚ್ಚಾರ ಹಾಗೇ ಇದೆ, ಒತ್ತು ಹಾಡಿನ ತಾಳಕ್ಕೆ ಹೊಂದಿ ಬೀಳುತ್ತದೆ. ಇದರಲ್ಲಿ ಅನುಕರಿಸಬೇಕಾದ್ದು ತಾಳಕ್ಕೆ ಹೊಂದುವ ಒತ್ತು. ಅನುಕರಿಸಬಾರದ್ದು ಅವರ ಏರುದನಿ. ಅದು ಶನಿವಾರ ಸಂಜೆ ಆರರಿಂದ ಒಂಬತ್ತರ ಹೊತ್ತಿಗೆ, ಜನ ಹೊರಗೆ ಹೊರಡಲು ಸಿದ್ಧವಾಗುವಾಗ ಸರಿ. 2022ರಿಂದ ವಾರದ ದಿನಗಳಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗಿನ ಕಾರ್ಯಕ್ರಮಕ್ಕೆ ಬಂದಾಗ ಅವರೇ ದನಿಯನ್ನು ಹದ ಮಾಡಿಕೊಂಡರು. ಕೆಲಸ ಮಾಡುತ್ತಾ ಕೇಳುವವರ ಕಿವಿಗೆ ಮೂರು ಗಂಟೆ ಹಬ್ಬದ ದನಿ ಒಗ್ಗುವುದಿಲ್ಲ. ಎರಡನ್ನೂ ಒಂದೇ ವಾರದಲ್ಲಿ ಕೇಳಿದರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ಮೂರನೇಫೇಡರ್:

ತುಂಬಾ ಧನ್ಯವಾದಗಳು. ಹಳೇಪ್ಲೇಟು ಅವರೇ, ಒಂದೇ ಸಂದೇಹ ಉಳಿದಿದೆ. ಹಳೆಯ ಸಿಂಗಲ್, ಹೊಸ ಮರುಮುದ್ರಣ, ಫೈಲ್ ಮೂರೂ ಬೆರೆಸಿದಾಗ ಧ್ವನಿಮಟ್ಟ ಒಂದೊಂದು ಒಂದೊಂದು ಥರ. ಫೇಡರ್ ಹಿಡಿದು ಸರಿಪಡಿಸುತ್ತಾ ಕೂರಬೇಕೇ?

ಹಳೇಪ್ಲೇಟು:

ಫೇಡರ್ ಅಲ್ಲ, ಒಳಬರುವ ಧ್ವನಿಯ ಬಲ ಹೊಂದಿಸುವ ಗೇನ್ ಗುಂಡಿ. ಹಾಡು ಗಾಳಿಗೆ ಹೋಗುವ ಮೊದಲೇ ಆ ಚಾನೆಲನ್ನು ಪಿಎಫ್‌ಎಲ್‌ನಲ್ಲಿ (ಫೇಡರ್ ಏರಿಸದೆಯೇ ನಿಮಗಷ್ಟೇ ಕೇಳಿಸುವ ವ್ಯವಸ್ಥೆ) ಹಾಕಿ, ಅದರ ಅತಿ ಗಟ್ಟಿ ಭಾಗಕ್ಕೆ ಗೇನ್ ಹೊಂದಿಸಿ. ಆರಂಭದ ಮೆತ್ತನೆಯ ಭಾಗಕ್ಕೆ ಹೊಂದಿಸಿದರೆ ತುತ್ತೂರಿಗಳು ಬಂದಾಗ ಒಡೆಯುತ್ತದೆ. ಆಮೇಲೆ ಫೇಡರ್ ಯಾವಾಗಲೂ ಒಂದೇ ಗುರುತಿನವರೆಗೆ ಏರಲಿ. ಬಿಬಿಸಿ ಬಳಸುವ, ಧ್ವನಿಯ ಗರಿಷ್ಠ ಮಟ್ಟ ತೋರಿಸುವ 1ರಿಂದ 7ರ ಪಿಪಿಎಂ ಮೀಟರಿನಲ್ಲಿ ಮುಳ್ಳು 6 ದಾಟಬಾರದು. ಮಾತು 5ರವರೆಗೆ ಹೋಗಲಿ, ಬಿಗಿಯಾಗಿ ಒತ್ತಿದ (ಮೆತ್ತನೆಯ ಮತ್ತು ಗಟ್ಟಿ ಭಾಗಗಳ ಅಂತರ ಕುಗ್ಗಿಸಿದ) ಹೊಸ ಮರುಮುದ್ರಣ 4ರ ಸುತ್ತ ಸಾಕು. ಮೀಟರಿನಲ್ಲಿ ಎರಡೂ 5 ತೋರಿಸಿದರೆ ಮಾತಿಗಿಂತ ಹಾಡು ಜೋರಾಗಿ ಕೇಳುತ್ತದೆ, ಏಕೆಂದರೆ ಒತ್ತಿದ ಸಂಗೀತದ ಮುಳ್ಳು ಇಳಿಯುವುದೇ ಇಲ್ಲ. ಹಳೆಯ ಸಿಂಗಲ್‌ಗಳಿಗೆ ಪ್ರತಿ ಕವರಿನ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಗೇನ್ ಗುರುತು, ಬೀಟ್ ಸಂಖ್ಯೆ, ದನಿ ಶುರುವಾಗುವ ಸೆಕೆಂಡ್ ಮೂರನ್ನೂ ಬರೆದಿಡಿ. ಪೆನ್ನು ಬೇಡ, ಇಂಕು ಕವರ್ ದಾಟಿ ಲೇಬಲ್‌ಗೆ ಇಳಿಯುತ್ತದೆ.